ಯಾದಗಿರಿ ಟೇಶನ್: ಮೂರು ಊರಿಗೆ ಒಂದೇ ಬಾಗಿಲು

ಶಹಾಪುರದ ಯಾವುದಾದರೂ ಮುತ್ಯಾನನ್ನು "ನಿಮ್ಮೂರ ಟೇಶನ್ ಎಲ್ಲಿ ಅದ?" ಎಂದು ಕೇಳಿ ನೋಡಿ. "ಯಾದಗಿರ್‌ದಾಗ ಅದ" ಎನ್ನುತ್ತಾರೆ. ಸುರಪುರದ ಅಜ್ಜಿಯನ್ನು ಕೇಳಿದರೂ ಅದೇ ಉತ್ತರ. ಶಹಾಪುರದಿಂದ ಯಾದಗಿರಿಗೆ ಸುಮಾರು 35 ಕಿಲೋಮೀಟರ್, ಸುರಪುರದಿಂದ ಇನ್ನೂ ದೂರ. ಆದರೂ ಅದು ಅವರಿಗೆ 'ನಮ್ಮ ಟೇಶನ್'. ಮಗ ಮುಂಬಯಿಗೆ ದುಡಿಯಲು ಹೋದದ್ದು ಅಲ್ಲಿಂದ, ಮಗಳು ಬೆಂಗಳೂರಿನಿಂದ ಬಾಣಂತನಕ್ಕೆ ಬಂದು ಇಳಿದದ್ದು ಅಲ್ಲಿ. ತವರಿನಿಂದ ಬಂದ ರೊಟ್ಟಿ ಗಂಟು, ಶೇಂಗಾ ಹಿಂಡಿಯ ಡಬ್ಬಿ ಕಿಟಕಿಯೊಳಗೆ ಹೋದದ್ದೂ ಅಲ್ಲೇ.

ಮಕ್ಕಳೇ, ಈ ವಾರ ಆ ಟೇಶನ್ನಿಗೇ ಹೋಗಿ ಬರೋಣ. ಅದಕ್ಕೊಂದು ಕಾರಣವಿದೆ. ಹಳೆಯ ರೈಲು ನಿಲ್ದಾಣಗಳನ್ನು ಹೊಸದಾಗಿ ಕಟ್ಟುವ ಕೆಲಸ ಈಗ ದೇಶದ ತುಂಬ ನಡೆದಿದೆ. ಆ ಪಟ್ಟಿಯಲ್ಲಿ ಯಾದಗಿರಿಯೂ ಇದೆ. ಇಂಥ ಹೊತ್ತಿನಲ್ಲಿ ಹಳೆಯ ನಿಲ್ದಾಣಗಳ ಗತಿ ಏನಾಗುತ್ತದೆ, ಯಾವುದು ಉಳಿಯುತ್ತದೆ, ಯಾವುದು ಹೋಗುತ್ತದೆ ಎಂಬುದನ್ನು ತಿಳಿದುಕೊಂಡರೆ ಒಳ್ಳೆಯದು.

ರೈಲು ಬಂದ ಕಥೆ

ನಮ್ಮ ದೇಶದಲ್ಲಿ ಪ್ರಯಾಣಿಕರ ಮೊದಲ ರೈಲು ಓಡಿದ್ದು 1853ರ ಏಪ್ರಿಲ್ 16ರಂದು, ಮುಂಬಯಿಯ ಬೋರಿಬಂದರಿನಿಂದ ಠಾಣೆಗೆ. ದೂರ ಬರೀ 34 ಕಿಲೋಮೀಟರ್. ಅದನ್ನು ಓಡಿಸಿದ್ದು 'ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ' ಎಂಬ ಕಂಪನಿ. ಜನ ಅದನ್ನು ಜಿ.ಐ.ಪಿ. ಎಂದು ಕರೆದರು.

ಅದೇ 1853ರಲ್ಲಿ ಸುರಪುರದಲ್ಲೂ ಒಂದು ಸಂಗತಿ ನಡೆಯಿತು. ಹನ್ನೆರಡು ವರ್ಷ ಅಲ್ಲಿ ಆಡಳಿತ ನೋಡಿಕೊಂಡಿದ್ದ ಮೆಡೋಸ್ ಟೇಲರ್ ಎಂಬ ಇಂಗ್ಲಿಷ್ ಅಧಿಕಾರಿ ಆ ವರ್ಷ ಊರು ಬಿಟ್ಟರು. ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕ ವಯಸ್ಸಿಗೆ ಬಂದಿದ್ದರಿಂದ ರಾಜ್ಯವನ್ನು ಅವನ ಕೈಗೆ ಒಪ್ಪಿಸಲಾಯಿತು. ಟೇಲರ್ ಗುಡ್ಡದ ಮೇಲೆ ಕಟ್ಟಿಸಿದ ಬಂಗಲೆ ಇವತ್ತಿಗೂ 'ಟೇಲರ್ ಮಂಜಿಲ್' ಎಂಬ ಹೆಸರಿನಿಂದ ಸುರಪುರದಲ್ಲಿದೆ. ಐದು ವರ್ಷಗಳ ನಂತರ, 1858ರಲ್ಲಿ, ಅದೇ ತರುಣ ರಾಜ ಇಂಗ್ಲಿಷರ ವಿರುದ್ಧ ಕತ್ತಿ ಹಿಡಿದ. ಆ ವರ್ಷವೇ ತೀರಿಕೊಂಡ. ಆಮೇಲೆ ಸುರಪುರ ಸೀಮೆ ಹೈದರಾಬಾದಿನ ನಿಜಾಮರ ರಾಜ್ಯಕ್ಕೆ ಸೇರಿಹೋಯಿತು.

ಇತ್ತ ಸುರಪುರದಲ್ಲಿ ಇಷ್ಟೆಲ್ಲ ಆಗುತ್ತಿದ್ದಾಗ ಅತ್ತ ಮುಂಬಯಿಯಿಂದ ಹಳಿ ಒಂದೊಂದೇ ಊರು ದಾಟಿ ಬರುತ್ತಿತ್ತು. 1858ರಲ್ಲಿ ಪುಣೆ, 1860ರಲ್ಲಿ ಸೊಲ್ಲಾಪುರ. ಅಲ್ಲಿಂದ ಮುಂದೆ ಕಲಬುರಗಿ, ಶಹಾಬಾದ್, ವಾಡಿ, ನಾಲವಾರ, ಯಾದಗಿರಿ. ಆಮೇಲೆ ಕೃಷ್ಣಾ ನದಿ ದಾಟಿ ರಾಯಚೂರು. ಮದ್ರಾಸಿನ ಕಡೆಯಿಂದ ಇನ್ನೊಂದು ಕಂಪನಿಯ ಹಳಿ ಎದುರು ಬರುತ್ತಿತ್ತು. 1871ರಲ್ಲಿ ಎರಡೂ ರಾಯಚೂರಿನಲ್ಲಿ ಕೂಡಿದವು. ಮುಂಬಯಿಗೂ ಮದ್ರಾಸಿಗೂ ನೇರ ದಾರಿ ಆಯಿತು. ಆ ದಾರಿಯ ನಡುವೆ ಸಿಕ್ಕ ಊರು ನಮ್ಮ ಯಾದಗಿರಿ.

ಮುಂದೆ 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಸಿಕಂದರಾಬಾದಿಗೆ ಹೋಯಿತು. ಅಲ್ಲಿಯವರೆಗೆ ಹೆಚ್ಚು ಜನಕ್ಕೆ ಗೊತ್ತಿಲ್ಲದ ವಾಡಿ, ದಾರಿ ಕವಲೊಡೆಯುವ ಜಂಕ್ಷನ್ ಆಗಿ ಬೆಳೆಯಿತು. ಇವತ್ತು ಅದು ಸಿಮೆಂಟ್ ಕಾರ್ಖಾನೆಯ ಊರೂ ಹೌದು.

ಭೀಮೆಯ ಈಚೆ ದಡ, ಆಚೆ ದಡ

ನಕ್ಷೆ ತೆಗೆದು ನೋಡಿ. ಯಾದಗಿರಿ ಊರಿನ ನೆತ್ತಿಯ ಮೇಲೆ ಕೋಟೆ ಗುಡ್ಡ, ಪಕ್ಕದಲ್ಲಿ ಭೀಮಾ ನದಿ. ರೈಲು ಹಳಿ ಭೀಮೆಯ ಪೂರ್ವ ದಡವನ್ನೇ ಹಿಡಿದು ಕೆಳಗೆ ಇಳಿಯುತ್ತದೆ. ಶಹಾಪುರ, ಸುರಪುರ ಎರಡೂ ಆಚೆ ದಡದ ಊರುಗಳು. ಒಂದು ಕಡೆ ಭೀಮೆ, ಇನ್ನೊಂದು ಕಡೆ ಕೃಷ್ಣೆ, ನಡುವೆ ಇವು. ಹೀಗಾಗಿ ಹಳಿ ಆ ಊರುಗಳನ್ನು ಮುಟ್ಟದೇ ಹೋಯಿತು. ಶಹಾಪುರದ ಬೆಟ್ಟಸಾಲಿನಲ್ಲಿ ಮಲಗಿದ ಬುದ್ಧನಂತೆ ಕಾಣುವ ಗುಡ್ಡವಿದೆಯಲ್ಲ, ಅದನ್ನು ನೋಡಲು ಬರುವವರು ಯಾದಗಿರಿಯಲ್ಲಿ ಇಳಿದು, ಬಸ್ಸು ಹತ್ತಿ, ಭೀಮಾ ಸೇತುವೆ ದಾಟಬೇಕು. ಕೃಷ್ಣೆಯ ದಡದಲ್ಲಿರುವ ತಿಂಥಣಿ ಮೌನೇಶ್ವರನ ಜಾತ್ರೆಗೆ ದೂರದಿಂದ ರೈಲಿನಲ್ಲಿ ಬರುವವರಿಗೂ ಇದೇ ದಾರಿ.

ಹೀಗೆ ಊರೊಂದು ಕಡೆ, ಟೇಶನ್ ಒಂದು ಕಡೆ ಇದ್ದರೆ ರೈಲ್ವೆಯವರು ನಿಲ್ದಾಣದ ಹೆಸರಿನ ಮುಂದೆ 'ರೋಡ್' ಎಂದು ಸೇರಿಸುತ್ತಿದ್ದರು. ಇದೇ ಮಾರ್ಗದಲ್ಲಿ ಅಕ್ಕಲಕೋಟ ರೋಡ್ ಇದೆ, ಗಾಣಗಾಪುರ ರೋಡ್ ಇದೆ. "ಇಲ್ಲಿ ಇಳಿಯಿರಿ, ಆ ಊರಿಗೆ ಇಲ್ಲಿಂದ ರಸ್ತೆ ಇದೆ" ಎಂದು ಅದರ ಅರ್ಥ. ಯಾದಗಿರಿಯ ದಕ್ಷಿಣಕ್ಕೆ ಸೈದಾಪುರ ನಿಲ್ದಾಣ ಇದೆ. ಅದಕ್ಕೂ ಬಹಳ ಕಾಲ 'ನಾರಾಯಣಪೇಟ ರೋಡ್' ಎಂಬ ಹೆಸರಿತ್ತು. ಸೀರೆಗೆ ಹೆಸರಾದ ನಾರಾಯಣಪೇಟೆಗೆ ಹೋಗುವವರು ಇಳಿಯುವ ಜಾಗ ಅದು. ಟೇಶನ್ ಇದ್ದದ್ದು ಸೈದಾಪುರದಲ್ಲಿ, ಹೆಸರು ಮಾತ್ರ ಬೇರೆ ಊರಿನದು! ಈಗ ಫಲಕದ ಮೇಲೆ ಸೈದಾಪುರ ಎಂದೇ ಇದೆ. ಲೆಕ್ಕ ನೋಡಿದರೆ ಯಾದಗಿರಿಯನ್ನೂ 'ಶಹಾಪುರ ರೋಡ್', 'ಸುರಪುರ ರೋಡ್' ಎಂದು ಕರೆಯಬಹುದಿತ್ತು.

ಅಜ್ಜಂದಿರಿಗೆ ನೆನಪಿರುವ ಟೇಶನ್

ಉಗಿಬಂಡಿಯ ಕಾಲದಲ್ಲಿ ಎಂಜಿನ್ನಿಗೆ ಎರಡು ಹಸಿವು: ಕಲ್ಲಿದ್ದಲು ಮತ್ತು ನೀರು. ಬಹಳ ದೂರ ಒಂದೇ ಸಮನೆ ಓಡಲು ಅದಕ್ಕೆ ಆಗುತ್ತಿರಲಿಲ್ಲ. ಅಲ್ಲಲ್ಲಿ ನಿಂತು, ಎತ್ತರದ ತೊಟ್ಟಿಯಿಂದ ಇಳಿಬಿದ್ದ ದಪ್ಪ ಕೊಳವೆಯ ಕೆಳಗೆ ನೀರು ಕುಡಿಯಬೇಕಿತ್ತು. ಇನ್ನೊಂದು ಮಾತು: ಆಗ ಇದ್ದದ್ದು ಒಂಟಿ ಹಳಿ. ಎದುರಿನಿಂದ ಬರುವ ರೈಲಿಗೆ ದಾರಿ ಬಿಡಲು ನಿಲ್ದಾಣವೇ ಬೇಕು. ಅದಕ್ಕೇ ಆಗ ಚಿಕ್ಕ ಚಿಕ್ಕ ನಿಲ್ದಾಣಗಳೂ ದೊಡ್ಡ ಕೆಲಸ ಮಾಡುತ್ತಿದ್ದವು.

ಒಂಟಿ ಹಳಿಯ ಮೇಲೆ ಎರಡು ರೈಲು ಮುಖಾಮುಖಿ ಆಗದಂತೆ 'ಟೋಕನ್' ಎಂಬ ಉಪಾಯವಿತ್ತು. ಒಂದು ಲೋಹದ ಗುಂಡು. ಅದನ್ನು ಚೀಲದಲ್ಲಿ ಇಟ್ಟು ದೊಡ್ಡ ಬಳೆಯಂಥ ಹಿಡಿಕೆಗೆ ಕಟ್ಟಿರುತ್ತಿದ್ದರು. ಆ ಗುಂಡು ಯಾವ ಚಾಲಕನ ಕೈಯಲ್ಲಿದೆಯೋ ಅವನೊಬ್ಬನಿಗೇ ಮುಂದಿನ ನಿಲ್ದಾಣದವರೆಗೆ ಹೋಗುವ ಅಧಿಕಾರ. ರೈಲು ನಿಲ್ಲದೆ ಹೋಗುವಾಗ ನಿಲ್ದಾಣದ ಆಳು ಬಳೆ ಎತ್ತಿ ಹಿಡಿಯುತ್ತಿದ್ದ, ಎಂಜಿನ್ನಿನಲ್ಲಿದ್ದವನು ಕೈ ಚಾಚಿ ಅದನ್ನು ತೋಳಿಗೆ ಸಿಕ್ಕಿಸಿಕೊಳ್ಳುತ್ತಿದ್ದ. ನೋಡುವ ಹುಡುಗರಿಗೆ ಅದೇ ಒಂದು ಸರ್ಕಸ್!

ಗಂಟೆ ಯಾವುದು ಗೊತ್ತೇ? ತುಂಡು ರೈಲು ಕಂಬಿ. ಅದನ್ನು ತೊಲೆಗೆ ತೂಗುಹಾಕಿ ಕಬ್ಬಿಣದ ಸರಳಿನಿಂದ ಬಾರಿಸಿದರೆ ಢಣ್ ಢಣ್ ಸದ್ದು ದೂರದವರೆಗೆ ಹೋಗುತ್ತಿತ್ತು. ಟಿಕೆಟ್ ಎಂದರೆ ಈಗಿನ ತೆಳು ಕಾಗದವಲ್ಲ, ಎರಡು ಬೆರಳಿನಗಲದ ದಪ್ಪ ರಟ್ಟು. ಕಿಟಕಿಯೊಳಗಿನ ಬಾಬು ಅದನ್ನು ಪುಟ್ಟ ಯಂತ್ರದಲ್ಲಿ ತೂರಿಸಿ 'ಟಕ್' ಎಂದು ತಾರೀಖು ಒತ್ತಿ ಕೊಡುತ್ತಿದ್ದರು. ಇಂಥ ಟಿಕೆಟ್ಟನ್ನು 1830ರ ದಶಕದಲ್ಲಿ ಇಂಗ್ಲೆಂಡಿನ ಥಾಮಸ್ ಎಡ್ಮಂಡ್ಸನ್ ಎಂಬಾತ ಕಂಡುಹಿಡಿದ. ಅವನೂ ಒಬ್ಬ ಸ್ಟೇಷನ್ ಮಾಸ್ತರ. ಕಂಪ್ಯೂಟರ್ ಬರುವವರೆಗೆ ನಮ್ಮ ಕಡೆಯೂ ಅದೇ ರಟ್ಟಿನ ಟಿಕೆಟ್ಟೇ ನಡೆಯಿತು.

ಈಗ ಈ ಮಾರ್ಗದಲ್ಲಿ ಜೋಡಿ ಹಳಿ, ವಿದ್ಯುತ್ ಎಂಜಿನ್. ನೀರಿನ ತೊಟ್ಟಿ ಬೇಡ, ಟೋಕನ್ ಗುಂಡು ಬೇಡ. ರೈಲುಗಳು ವೇಗವಾಗಿ ಓಡುತ್ತವೆ, ಅದು ಒಳ್ಳೆಯದೇ. ಆದರೆ ಆ ವೇಗದಲ್ಲಿ ಚಿಕ್ಕ ನಿಲ್ದಾಣಗಳ ಕೆಲಸ ಕಡಿಮೆಯಾಯಿತು. 2020ರಲ್ಲಿ ಕೊರೋನಾ ಬಂದಾಗ ದೇಶದಲ್ಲಿ ಪ್ಯಾಸೆಂಜರ್ ಗಾಡಿಗಳೆಲ್ಲ ನಿಂತವು. ಮತ್ತೆ ಓಡಲು ಶುರುವಾದಾಗ ಎಷ್ಟೋ ಸಣ್ಣ ಊರುಗಳ ನಿಲುಗಡೆ ಮರಳಿ ಬರಲಿಲ್ಲ. ರೈಲು ನಿಲ್ಲದ ಮೇಲೆ ಟಿಕೆಟ್ ಕಿಟಕಿ ತೆರೆಯುವುದಿಲ್ಲ. ಕಿಟಕಿ ಮುಚ್ಚಿದರೆ ಚಹದ ಅಂಗಡಿ ಉಳಿಯುವುದಿಲ್ಲ. ಆಮೇಲೆ ಮಾಡಿನ ಹೆಂಚು ಒಂದೊಂದಾಗಿ ಜಾರುತ್ತದೆ.

ದೊಡ್ಡಜಾಲದ ಕಲ್ಲಿನ ಮನೆ

ಹಾಗೆ ಆದ ಒಂದು ನಿಲ್ದಾಣವನ್ನು ನೋಡಬೇಕೆಂದರೆ ಯಾದಗಿರಿಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನ ಕಡೆ ಹೋಗಬೇಕು. ನಮ್ಮ ಕಡೆಯ ಎಷ್ಟೋ ಮನೆಯವರು ಕಟ್ಟಡದ ಕೆಲಸಕ್ಕೆಂದು ಬೆಂಗಳೂರಿಗೆ ಹೋಗುವ ದಾರಿಯೂ ಇದೇ. ಬೆಂಗಳೂರು ಸೇರುವ ಮೊದಲು ಯಲಹಂಕ ಬರುತ್ತದೆ. ಅಲ್ಲಿಂದ ಒಂದು ಹಳಿ ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ತಿರುಗುತ್ತದೆ.

1915ರಲ್ಲಿ, ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದಾಗ, ಬೆಂಗಳೂರು–ಚಿಕ್ಕಬಳ್ಳಾಪುರ ನಡುವೆ ಪುಟ್ಟ ರೈಲು ಆರಂಭವಾಯಿತು. ಎರಡು ಕಂಬಿಗಳ ನಡುವಿನ ಅಂತರ ಎರಡೂವರೆ ಅಡಿ ಮಾತ್ರ. ಯಾದಗಿರಿಯ ಹಳಿಯ ಅಗಲ ಐದೂವರೆ ಅಡಿ, ಹೋಲಿಸಿ ನೋಡಿ. ದೊಡ್ಡಜಾಲ, ದೇವನಹಳ್ಳಿ, ಅವತಿಹಳ್ಳಿ, ನಂದಿ ಹಾಲ್ಟ್ ಎಂಬ ಚೆಂದದ ಚಿಕ್ಕ ನಿಲ್ದಾಣಗಳು ಆ ಮಾರ್ಗದಲ್ಲಿ ಎದ್ದವು. ಬೆಂಗಳೂರಿನ ಸಂತೆಗೆ ತರಕಾರಿ ಒಯ್ಯುವವರು, ನಂದಿ ಬೆಟ್ಟಕ್ಕೆ ಹೋಗುವವರು ಅಲ್ಲಿ ಹತ್ತಿ ಇಳಿಯುತ್ತಿದ್ದರು.

ಮುಂದೆ ಪುಟ್ಟ ಹಳಿ ಕಿತ್ತು ದೊಡ್ಡ ಹಳಿ ಹಾಕಿದರು. ರೈಲು ದೊಡ್ಡದಾಯಿತು, ನಿಲ್ದಾಣ ಒಂಟಿಯಾಯಿತು. ದೊಡ್ಡಜಾಲದ ಕಲ್ಲಿನ ಕಟ್ಟಡ ಬಹಳ ವರ್ಷ ಬಾಗಿಲು ಕಿಟಕಿ ಇಲ್ಲದೆ, ಸುತ್ತ ಗಿಡಗಂಟಿ ಬೆಳೆದು, ಬಣಗುಟ್ಟುತ್ತ ನಿಂತಿತ್ತು. ಅಷ್ಟರಲ್ಲಿ ಬೆಂಗಳೂರು ಬೆಳೆದು ಅಲ್ಲಿಯವರೆಗೆ ಬಂತು. ಪಕ್ಕದಲ್ಲೇ ವಿಮಾನ ನಿಲ್ದಾಣವಾಯಿತು. ಹಳ್ಳಿಯ ನಿಲ್ದಾಣಗಳಾಗಿದ್ದವು ಈಗ ನಗರದ ಹೊರವಲಯದ ನಿಲ್ದಾಣಗಳಾದವು! ಪರಂಪರೆ ಉಳಿಸುವ ಕೆಲಸ ಮಾಡುವ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಶಾಖೆಯೂ ರೈಲ್ವೆಯವರೂ ಸೇರಿ ಈ ಹಳೆಯ ನಿಲ್ದಾಣಗಳ ದುರಸ್ತಿಗೆ ಕೈಹಾಕಿದರು. ಕಟ್ಟಡ ಗಟ್ಟಿಮುಟ್ಟಾಗಿ ಉಳಿದಿದ್ದರಿಂದ ಅದು ಸಾಧ್ಯವಾಯಿತು. ನಡುವೆ ಯಾರಾದರೂ ಕೆಡವಿಬಿಟ್ಟಿದ್ದರೆ ದುರಸ್ತಿ ಮಾಡಲು ಏನಿರುತ್ತಿತ್ತು?

ಬೈಕಲ್ಲಾದ ಪಾಠ

ಈಗ ಅದೇ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಹಿಂದಿರುಗಿ, ಯಾದಗಿರಿ ದಾಟಿ, ಮುಂಬಯಿಯ ಕಡೆ ಹೋಗೋಣ. ರೈಲು ಕೊನೆಗೆ ನಿಲ್ಲುವ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಯಾರಿಗೆ ಗೊತ್ತಿಲ್ಲ! ಯಾದಗಿರಿಗೆ ರೈಲು ತಂದ ಜಿ.ಐ.ಪಿ. ಕಂಪನಿಯೇ ಅದನ್ನು 1878ರಿಂದ ಹತ್ತು ವರ್ಷ ಕಟ್ಟಿಸಿತು. 2004ರಲ್ಲಿ ಅದು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಆದರೆ ನಾನು ತೋರಿಸಬೇಕೆಂದಿರುವುದು ಆ ಅರಮನೆಯಂಥ ಕಟ್ಟಡವನ್ನಲ್ಲ. ಅದಕ್ಕಿಂತ ಸ್ವಲ್ಪ ಮೊದಲು ಬರುವ ಬೈಕಲ್ಲಾವನ್ನು. 1853ರ ಮೊದಲ ರೈಲಿನ ಮಾರ್ಗದಲ್ಲೇ ಇರುವ ಹಳೆಯ ನಿಲ್ದಾಣ ಅದು. ಇವತ್ತಿಗೂ ಲೋಕಲ್ ರೈಲುಗಳು ಅಲ್ಲಿ ನಿಲ್ಲುತ್ತವೆ, ದಿನವೂ ಜನಜಂಗುಳಿ. ವರ್ಷ ವರ್ಷ ಬಳಿದ ಬಣ್ಣದ ಪದರು, ಅಡ್ಡಾದಿಡ್ಡಿ ತಂತಿ, ಆಮೇಲಾಮೇಲೆ ಹಾಕಿದ ಗೋಡೆಗಳು ಎಲ್ಲ ಸೇರಿ ಅದರ ಹಳೆಯ ರೂಪ ಮುಚ್ಚಿಹೋಗಿತ್ತು. ತಿಳಿದವರು ಕೂಡಿ ಅದನ್ನು ಜೋಪಾನವಾಗಿ ಬಿಡಿಸಿ, ಮರ, ಕಲ್ಲು, ಕಬ್ಬಿಣದ ಹಳೆಯ ಕೆಲಸವನ್ನು ಸರಿಪಡಿಸಿದರು. ಕೆಲಸ ನಡೆದಾಗಲೂ ರೈಲು ನಿಲ್ಲಲಿಲ್ಲ. 2022ರಲ್ಲಿ ಆ ಕೆಲಸಕ್ಕೆ ಯುನೆಸ್ಕೋದ ಏಷ್ಯಾ–ಪೆಸಿಫಿಕ್ ಪ್ರಶಸ್ತಿ ಬಂತು.

ಬೈಕಲ್ಲಾ ಹೇಳುವ ಮಾತು ಸರಳ. ಹಳೆಯದನ್ನು ಉಳಿಸಬೇಕೆಂದರೆ ಅದನ್ನು ಬೀಗ ಹಾಕಿ ಇಡಬೇಕಿಲ್ಲ. ದಿನವೂ ಸಾವಿರಾರು ಜನ ಓಡಾಡುವ ಜಾಗವನ್ನೂ ಹಳೆಯ ರೂಪದಲ್ಲೇ ಉಳಿಸಿಕೊಳ್ಳಬಹುದು.

ಬೇರೆ ದೇಶಗಳಲ್ಲೂ ಈ ಪ್ರಶ್ನೆ ಎದ್ದಿತ್ತು. ರೈಲಿನ ತವರಾದ ಇಂಗ್ಲೆಂಡಿನಲ್ಲಿ 1963ರಲ್ಲಿ ಬೀಚಿಂಗ್ ಎಂಬ ಅಧಿಕಾರಿಯ ವರದಿಯೊಂದು ನಷ್ಟದ ಲೆಕ್ಕ ಹಾಕಿ 2,363 ನಿಲ್ದಾಣಗಳನ್ನು ಮುಚ್ಚಬೇಕೆಂದು ಹೇಳಿತು. ಅವುಗಳಲ್ಲಿ ಬಹಳಷ್ಟು ಮುಚ್ಚಿಯೂ ಹೋದವು. ಪ್ಯಾರಿಸಿನಲ್ಲಿ 1900ರಲ್ಲಿ ಕಟ್ಟಿದ ಓರ್ಸೆ ನಿಲ್ದಾಣದ ಪ್ಲಾಟ್‌ಫಾರ್ಮ್ ಉದ್ದನೆಯ ರೈಲುಗಳಿಗೆ ಸಾಲದಾಯಿತು. ಕೆಡವುವ ಮಾತೂ ಬಂತು. ಕೊನೆಗೆ ಉಳಿಸಿ, 1986ರಲ್ಲಿ ಚಿತ್ರಕಲೆಯ ಮ್ಯೂಸಿಯಂ ಮಾಡಿದರು. ಈಗ ಅದನ್ನು ನೋಡಲೆಂದೇ ಜಗತ್ತಿನ ಎಲ್ಲ ಕಡೆಯಿಂದ ಜನ ಬರುತ್ತಾರೆ.

ಯಾದಗಿರಿಯ ಸರದಿ

ಈಗ ನಮ್ಮ ಊರಿಗೆ ಬರೋಣ. 2009ರ ಕೊನೆಯಲ್ಲಿ ಯಾದಗಿರಿ ಕಲಬುರಗಿಯಿಂದ ಬೇರೆಯಾಗಿ ರಾಜ್ಯದ 30ನೆಯ ಜಿಲ್ಲೆ ಆಯಿತು. ಜಿಲ್ಲಾ ಕೇಂದ್ರ ಅಂದಮೇಲೆ ಟೇಶನ್ನಿನ ಮೇಲೆ ಭಾರವೂ ಹೆಚ್ಚಿತು. ಕೇಂದ್ರ ಸರ್ಕಾರದ 'ಅಮೃತ್ ಭಾರತ್ ನಿಲ್ದಾಣ' ಯೋಜನೆಯಲ್ಲಿ ಯಾದಗಿರಿ, ವಾಡಿ, ಶಹಾಬಾದ್, ಕಲಬುರಗಿ, ಗಾಣಗಾಪುರ ರೋಡ್, ರಾಯಚೂರು ಎಲ್ಲವೂ ಸೇರಿವೆ. ಅಂದರೆ 1871ರ ಆ ಹಳೆಯ ದಾರಿಯ ಸಾಲು ಸಾಲು ನಿಲ್ದಾಣಗಳು ಒಟ್ಟಿಗೇ ಹೊಸ ಬಟ್ಟೆ ಉಡುತ್ತಿವೆ. ಲಿಫ್ಟು, ಅಗಲವಾದ ಮೇಲ್ಸೇತುವೆ, ಒಳ್ಳೆಯ ಕಾಯುವ ಕೋಣೆ, ನೆರಳಿನ ಮಾಡು ಇಂಥವೆಲ್ಲ ಯೋಜನೆಯಲ್ಲಿವೆ.

ಇದು ಬೇಕಾದದ್ದೇ. ಮಂಡಿನೋವಿನ ಅಜ್ಜಿಗೆ ಮೇಲ್ಸೇತುವೆಯ ಮೆಟ್ಟಿಲು ಹತ್ತುವುದು ಎಂಥ ಕಷ್ಟ ಎಂದು ಅವರನ್ನೇ ಕೇಳಿ. ಯಾದಗಿರಿಯ ಬೇಸಿಗೆಯಲ್ಲಿ ನೆರಳಿಲ್ಲದ ಪ್ಲಾಟ್‌ಫಾರ್ಮಿನ ಮೇಲೆ ಕೂಸನ್ನು ಎತ್ತಿಕೊಂಡು ನಿಂತ ತಾಯಿಗೆ ಹಳೆಯ ಕಾಲದ ಸೊಬಗು ಹೊಟ್ಟೆ ತುಂಬಿಸುವುದಿಲ್ಲ. ಹೊಸದು ಬರಲಿ. ಅದರ ಜೊತೆಗೆ, ಹಳೆಯದರಲ್ಲಿ ಚೆನ್ನಾಗಿರುವುದು ಯಾವುದು ಎಂದು ಗುದ್ದಲಿ ಎತ್ತುವ ಮೊದಲೇ ನೋಡಿಕೊಳ್ಳಬೇಕು, ಅಷ್ಟೆ. ಒಂದು ಕಲ್ಲಿನ ಕಮಾನು, ಒಂದು ಕಂಬಿಯ ಗಂಟೆ, ಎರಕದ ಕಬ್ಬಿಣದ ಕಂಬ, ಹಳೆಯ ಬೆಂಚು, ಹಳೆಯ ಬೇವಿನ ಮರ. ಇವುಗಳನ್ನು ಉಳಿಸಿಕೊಂಡರೆ ಲಿಫ್ಟಿಗೇನೂ ಅಡ್ಡಿಯಿಲ್ಲ. ನೆಲಕ್ಕೆ ಹಾಸಲು ದೂರದ ಹೊಳಪು ಕಲ್ಲೇ ಬೇಕೇ? ನಮ್ಮದೇ ಮಾರ್ಗದ ಶಹಾಬಾದಿನ ಫರಸಿ ಇದೇ ಹಳಿಯ ಮೇಲೆ ಪ್ರಯಾಣ ಮಾಡಿ ದೇಶದ ಎಷ್ಟೋ ಊರಿನ ಅಂಗಳ ಸೇರಿದೆ. ಬಿಸಿಲಿಗೆ ತಂಪು, ಕಾಲಿಗೆ ಜಾರದು.

ಹೊಸ ಟೇಶನ್ ಬರುವ ಊರುಗಳು

ಇನ್ನು ಭೀಮೆಯ ಆಚೆ ದಡದ ಸುದ್ದಿ. ಗದಗ–ವಾಡಿ ಹೊಸ ರೈಲು ಮಾರ್ಗದ ಹೆಸರು ನೀವು ಕೇಳಿರಬೇಕು. ಸುಮಾರು 250 ಕಿಲೋಮೀಟರ್ ಉದ್ದದ ಈ ಮಾರ್ಗ ಯಲಬುರ್ಗಾ, ಕುಷ್ಟಗಿ, ಲಿಂಗಸುಗೂರು, ಸುರಪುರ, ಶಹಾಪುರದ ಸೀಮೆಯನ್ನು ಹಾಯ್ದು ವಾಡಿಗೆ ಸೇರಬೇಕು. ತಳಕಲ್‌ನಿಂದ ಕುಷ್ಟಗಿಯವರೆಗಿನ ಭಾಗದಲ್ಲಿ 2025ರ ಮೇ ತಿಂಗಳಿನಲ್ಲಿ ರೈಲು ಓಡಿತು. ಕುಷ್ಟಗಿಯ ಜನ ತಮ್ಮೂರಲ್ಲೇ ರೈಲು ಕಂಡರು. ಉಳಿದ ಕೆಲಸ ಮುಗಿದ ದಿನ ಸುರಪುರ, ಶಹಾಪುರದ ಮಕ್ಕಳೂ "ನಮ್ಮೂರ ಟೇಶನ್ ನಮ್ಮೂರಲ್ಲೇ ಅದ" ಎನ್ನಬಹುದು.

ಚಿಕ್ಕ ನಿಲ್ದಾಣದ ಭಾಗ್ಯ ಹೀಗೆ ತಿರುಗಿದ್ದನ್ನು ನಾವು ಹತ್ತಿರದಲ್ಲೇ ನೋಡಿದ್ದೇವೆ. ಸೈದಾಪುರದ ಆಚೆ, ತೆಲಂಗಾಣದ ಗಡಿಯೊಳಗೆ, ನದಿಯ ಹೆಸರನ್ನೇ ಹೊತ್ತ ಕೃಷ್ಣಾ ನಿಲ್ದಾಣವಿದೆ. ನೂರೈವತ್ತು ವರ್ಷ ಅದು ದಾರಿಯ ಮೇಲಿನ ಒಂದು ಸಣ್ಣ ನಿಲ್ದಾಣ. ದೇವರಕದ್ರದ ಕಡೆಯಿಂದ ಹೊಸ ಹಳಿ ಬಂದು ಅಲ್ಲಿ ಕೂಡಿದ ಮೇಲೆ, 2023ರ ಅಕ್ಟೋಬರಿನಲ್ಲಿ ಕಾಚಿಗುಡ–ರಾಯಚೂರು ರೈಲು ಶುರುವಾಯಿತು. ಸಣ್ಣ ನಿಲ್ದಾಣ ಜಂಕ್ಷನ್ ಆಯಿತು. ನೂರು ವರ್ಷ ಸುಮ್ಮನೆ ಕುಳಿತ ನಿಲ್ದಾಣಕ್ಕೂ ಒಂದು ದಿನ ಕೆಲಸ ಬೀಳಬಹುದು. ಅದಕ್ಕೇ ಯಾವ ನಿಲ್ದಾಣವನ್ನೂ 'ಇನ್ನು ಇದು ಬೇಡ' ಎಂದು ಅವಸರದಲ್ಲಿ ಕೈಬಿಡಬಾರದು.

ಸುರಪುರ, ಶಹಾಪುರಕ್ಕೆ ಹಳಿ ಬಂದ ಮೇಲೆ ಯಾದಗಿರಿಯಲ್ಲಿ ಇಳಿದು ಬಸ್ಸಿಗೆ ಓಡುವ ಗಡಿಬಿಡಿ ತಪ್ಪುತ್ತದೆ. ಆಗ ಹುಟ್ಟುವ ಮಕ್ಕಳಿಗೆ ಯಾದಗಿರಿ ಪಕ್ಕದ ಊರಿನ ಟೇಶನ್ ಅಷ್ಟೇ. ಅದು ಒಂದೂವರೆ ಶತಮಾನ ಮೂರು ಊರಿನ ಬಾಗಿಲಾಗಿತ್ತು ಎಂದು ಅವರಿಗೆ ಯಾರು ಹೇಳಬೇಕು?

ರಜೆಯ ಕೆಲಸ

ಮಕ್ಕಳೇ, ಹೇಳಬೇಕಾದವರು ನೀವೇ. ಈ ಭಾನುವಾರ ಮುತ್ಯಾ, ಅಜ್ಜಿಯ ಹತ್ತಿರ ಒಂದು ನೋಟ್‌ಬುಕ್ ಹಿಡಿದು ಕುಳಿತುಕೊಳ್ಳಿ. ಮೊದಲ ಸಲ ರೈಲು ಹತ್ತಿದ್ದು ಯಾವಾಗ, ಎಲ್ಲಿಗೆ? ಟಿಕೆಟ್ಟಿಗೆ ಎಷ್ಟು ದುಡ್ಡು ಕೊಟ್ಟಿರಿ? ಊರಿನಿಂದ ಟೇಶನ್ನಿಗೆ ಹೇಗೆ ಬಂದಿರಿ. ಚಕ್ಕಡಿಯಲ್ಲೋ, ಬಸ್ಸಿನಲ್ಲೋ, ನಡೆದೋ? ರಾತ್ರಿ ಗಾಡಿ ತಡವಾದರೆ ಎಲ್ಲಿ ಮಲಗುತ್ತಿದ್ದಿರಿ? ಯಾರನ್ನು ಕಳಿಸಲು ಹೋದಾಗ ಕಣ್ಣೀರು ಬಂತು? ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ.

ಅಜ್ಜ ಅಜ್ಜಿಯರಲ್ಲೂ ಒಂದು ಬೇಡಿಕೆ. ಪೆಟ್ಟಿಗೆಯ ತಳದಲ್ಲಿ ಹಳೆಯ ರಟ್ಟಿನ ಟಿಕೆಟ್ಟು, ಟೇಶನ್ನಿನ ಮುಂದೆ ನಿಂತು ತೆಗೆಸಿದ ಫೋಟೋ ಏನಾದರೂ ಇದ್ದರೆ ರದ್ದಿಗೆ ಹಾಕಬೇಡಿ. ಅದರ ಹಿಂದೆ ವರ್ಷ, ಊರು ಬರೆದು ಮೊಮ್ಮಕ್ಕಳ ಕೈಗೆ ಕೊಡಿ.

ಮುಂದಿನ ಸಲ ಊರಿಗೆ ಹೋಗುವಾಗ ಗಾಡಿ ಬರುವುದಕ್ಕೆ ಅರ್ಧ ಗಂಟೆ ಮೊದಲೇ ಟೇಶನ್ನಿಗೆ ಹೋಗಿ. ಹಳದಿ ಫಲಕದ ಮೇಲೆ ಊರ ಹೆಸರಿನ ಕೆಳಗೆ ಸಮುದ್ರ ಮಟ್ಟದಿಂದ ಆ ಜಾಗ ಎಷ್ಟು ಎತ್ತರ ಎಂದು ಬರೆದಿರುತ್ತದೆ, ಓದಿ. ಹಳೆಯ ಗೋಡೆ, ಕಂಬ, ಕಮಾನು ಕಂಡರೆ ಅದರ ಚಿತ್ರ ಬರೆಯಿರಿ, ಇಲ್ಲವೇ ಅಪ್ಪ ಅಮ್ಮನ ಫೋನಿನಲ್ಲಿ ಫೋಟೋ ತೆಗೆಯಿರಿ. ಆದರೆ ಹಳಿಯ ಮೇಲೆ ಮಾತ್ರ ಇಳಿಯಬೇಡಿ, ಪ್ಲಾಟ್‌ಫಾರ್ಮಿನ ಹಳದಿ ಗೆರೆ ದಾಟಬೇಡಿ. ಮುತ್ಯಾ ಜೊತೆಗಿದ್ದರೆ ಅವರ ಕೈ ಹಿಡಿದುಕೊಂಡೇ ಇಡೀ ಟೇಶನ್ ಒಂದು ಸುತ್ತು ಹಾಕಿ. ಯಾವ ಮರದ ಕೆಳಗೆ ಏನಿತ್ತು ಎಂದು ಅವರಿಗಷ್ಟೇ ಗೊತ್ತು.